ಬೆಲ್ಲಕ್ಕೆ ಕೇಳಿಸಿತ್ತಾ?

ಸಾಕಿದ ಪ್ರಾಣಿ ಸತ್ತಾಗ ದೊಡ್ಡವರು ಮಕ್ಕಳಿಂದ ಏನಾದರೊಂದು ಮುಚ್ಚಿಡುತ್ತಾರೆ. ಮೊಲ ಸತ್ತರೆ 'ತೋಟಕ್ಕೆ ಬಿಟ್ಟು ಬಂದ್ವಿ' ಅನ್ನುತ್ತಾರೆ. ಮೀನು ಸತ್ತರೆ ಮಗು ಶಾಲೆಯಿಂದ ಬರುವಷ್ಟರಲ್ಲಿ ಅದೇ ಬಣ್ಣದ ಇನ್ನೊಂದು ನೀರಿನಲ್ಲಿ ಓಡಾಡುತ್ತಿರುತ್ತದೆ. ಮಕ್ಕಳ ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಇಂಥವು ಬರುತ್ತಲೇ ಇರುತ್ತವೆ. ಈ ಪ್ರಕರಣ ಬರೆಯುವುದಕ್ಕೆ ಬೇರೆ ಕಾರಣವಿದೆ. ನಾನು ಕೊಟ್ಟ ಸಲಹೆಯಿಂದ ಒಂದು ಮನೆಯಲ್ಲಿ ಅಪ್ಪ ಮಗಳ ಮಾತು ಒಂಬತ್ತು ದಿನ ನಿಂತುಹೋಯಿತು. ಅಪ್ಪ ಅಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಪ್ರಾಣಿಗಳ ಹೆಸರನ್ನೂ.

ಹುಡುಗಿಗೆ ಎಂಟು ವರ್ಷ. ಅನು ಅನ್ನೋಣ. ಸಂಕ್ರಾಂತಿ ಹೊತ್ತಿಗೆ ಮನೆಗೆ ಎರಡು ಗಿನಿಪಿಗ್ ಬಂದಿದ್ದವು. ಕರಿಯದು ಎಳ್ಳು, ಕಂದು ಬಣ್ಣದ್ದು ಬೆಲ್ಲ. ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ ಬದುಕುವ ಜೀವ. ಬೆಲ್ಲ ಎರಡೇ ವರ್ಷಕ್ಕೆ ಸತ್ತಿತು. ಅಲ್ಲಿಂದ ಅನು ದಿನಕ್ಕೆ ನಾಲ್ಕು ಸಲ ಗೂಡು ತೊಳೆಯಲು ಶುರು ಮಾಡಿದಳು. ರಾತ್ರಿ ಎದ್ದು ಹೋಗಿ ಎಳ್ಳಿನ ಮೈಮೇಲೆ ಕೈಯಿಟ್ಟು ಉಸಿರಿದೆಯಾ ಅಂತ ನೋಡುತ್ತಿದ್ದಳು. 'ಇಲಿ ಸತ್ತರೂ ಸೂತಕ ಹಿಡಿಯೋ ಕಾಲ ಬಂತು' ಅಂದರಂತೆ ಅಜ್ಜಿ. ಅವರ ಮೇಲೆ ನನಗೆ ಕೋಪವಿಲ್ಲ. ಹಸು ಸತ್ತಾಗ ಎರಡು ದಿನ ಊಟ ಬಿಟ್ಟವರು ಅವರು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ರಾಣಿಗೂ ಅಳಬಹುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ನನ್ನ ಹತ್ತಿರ ಬಂದ ಮೊದಲ ಎರಡು ಸಲ ಅನು ಚಿತ್ರ ಬರೆದಳೇ ಹೊರತು ಮಾತಾಡಲಿಲ್ಲ. ಮೂರನೇ ಸಲ ನಾನು ಸಾವಿನ ವಿಷಯ ಬಿಟ್ಟು, ಬೆಲ್ಲ ಹೇಗೆ ಕೂಗುತ್ತಿತ್ತು ಅಂತ ಕೇಳಿದೆ. 'ವೀಕ್ ವೀಕ್' ಅಂತ ಕೂಗಿ ತೋರಿಸಿದಳು. ಫ್ರಿಜ್ ಬಾಗಿಲು ತೆಗೆದರೆ ಸಾಕು, ಕೊತ್ತಂಬರಿ ಕವರ್ ಸದ್ದಾದರೆ ಸಾಕು, ಹಾಲ್‌ನಿಂದಲೇ ಕೂಗುತ್ತಿತ್ತಂತೆ. ಹೇಳುತ್ತಾ ಹೇಳುತ್ತಾ ನಿಲ್ಲಿಸಿಬಿಟ್ಟಳು.

'ಅದಕ್ಕೆ ಎಲ್ಲಾ ಕೇಳಿಸುತ್ತೆ ಆಂಟಿ. ಒಂದಿನ ನಾನು ಅಮ್ಮನ ಹತ್ರ, ಗೂಡು ವಾಸನೆ ಬರುತ್ತೆ, ನಂಗೆ ಬೇಡ, ಯಾರಿಗಾದ್ರೂ ಕೊಟ್ಬಿಡು ಅಂದಿದ್ದೆ. ಅದೂ ಕೇಳಿಸಿರುತ್ತೆ ಅಲ್ವಾ?'

ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಕೊತ್ತಂಬರಿ ಕವರ್ ಕೇಳಿಸುವ ಕಿವಿಗೆ ಆ ಮಾತು ಕೇಳಿಸದೆ ಇರುತ್ತಾ? 'ನಿನ್ನ ತಪ್ಪಲ್ಲ ಪುಟ್ಟಾ' ಅಂದೆ. ತಲೆಯಾಡಿಸಿದಳು, ನಂಬಲಿಲ್ಲ. 'ಮತ್ತೆ ಯಾಕೆ ಸತ್ತೋಯ್ತು?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪನ ಹತ್ತಿರ ಇತ್ತು. ಬೆಲ್ಲಕ್ಕೆ ಸೀನು ಬಂದು ಮೂಗು ಒದ್ದೆಯಾಗಿತ್ತು. ಭಾನುವಾರ. ಹತ್ತಿರದಲ್ಲಿದ್ದ ಪಶುವೈದ್ಯರು ನಾಯಿ ಬೆಕ್ಕು ಮಾತ್ರ ನೋಡುವವರು. ಹಿಂದಿನ ವಾರ ಮಗಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಫ್ರಿಜ್‌ನಲ್ಲಿ ಉಳಿದಿತ್ತು. ಸಿರಿಂಜಿನಲ್ಲಿ ಎರಡು ದಿನ ಕೊಟ್ಟರು. ಆಮೇಲೆ ಭೇದಿ ಶುರುವಾಯಿತು. ಮೇವು ಮುಟ್ಟಲಿಲ್ಲ. ಐದನೇ ದಿನ ಸತ್ತಿತು. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಗಿನಿಪಿಗ್‌ನ ಕರುಳಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು ವಿಷ ಬಿಡುತ್ತವೆ. ಇದು ಅವರಿಗೆ ಗೊತ್ತಾದದ್ದು ಆಮೇಲೆ.

'ನಮ್ಮ ಹಾಗೇ ಅದಕ್ಕೂ ವಿಟಮಿನ್ ಸಿ ಊಟದಿಂದಲೇ ಸಿಗಬೇಕು ಅಂತ ಓದಿದ್ದೆ ಮೇಡಂ. ದಿನಾ ದಪ್ಪ ಮೆಣಸಿನಕಾಯಿ ಕೊಡ್ತಿದ್ದೆ. ಮೈಯೂ ನಮ್ಮ ಹಾಗೇ ಅಂದ್ಕೊಂಡೆ.'

ಮಗಳಿಗೆ ಹೇಳಿ ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು ಕೇಳಿದರು: 'ನಾಳೆ ಅವಳಿಗೆ ಜ್ವರ ಬಂದ್ರೆ ನನ್ನ ಕೈಯಿಂದ ಔಷಧಿ ಕುಡೀತಾಳಾ?'

ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೂ ಸಲಹೆ ಬದಲಿಸಲಿಲ್ಲ. ಕಾರಣ ಹೇಳದೆ ಬಿಟ್ಟರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ, ಹೆಚ್ಚಾಗಿ ಅದರಲ್ಲಿ ಅಪರಾಧಿ ಅದೇ ಆಗಿರುತ್ತದೆ. ಏನು ಮಾಡಿದಿರಿ, ಯಾಕೆ ಮಾಡಿದಿರಿ, ಆಗ ಏನು ಗೊತ್ತಿರಲಿಲ್ಲ, ಇಷ್ಟು ಹೇಳಿ ಅಂದೆ. 'ಕ್ಷಮಿಸು ಅಂತ ಮಾತ್ರ ಗೋಗರೆಯಬೇಡಿ. ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವಳ ತಲೆಗೆ ಕಟ್ಟಬೇಡಿ.'

ಮುಂದಿನ ವಾರ ನನ್ನ ಕೋಣೆಯಲ್ಲೇ ಹೇಳಿದರು. ಅನು ನೆಲ ನೋಡುತ್ತಾ ಕೇಳಿಸಿಕೊಂಡಳು.

'ನಂಗೆ ಕೊಟ್ಟಿದ್ದ ಸಿರಪ್ಪೇನಾ?'

'ಹೂಂ. ನಿಂಗೆ ಡಾಕ್ಟರು ನೋಡಿ ಬರೆದುಕೊಟ್ಟಿದ್ದು. ಬೆಲ್ಲಕ್ಕೆ ಯಾರನ್ನೂ ಕೇಳದೆ ನಾನೇ ಕೊಟ್ಟೆ.'

'ನೀನು ಕೊಡುವಾಗ ನಾನು ಹಿಡ್ಕೊಂಡಿದ್ದೆ.'

ಇದು ನನಗೆ ಗೊತ್ತಿರಲಿಲ್ಲ. ಅವರಿಗೆ ಮರೆತಿತ್ತು. ಒಂದು ತಪ್ಪು ಇಳಿಸಲು ಹೋಗಿ ಇನ್ನೊಂದು ಹೊರಿಸಿದೆನಾ ಅಂತ ನನ್ನ ಎದೆ ಧಸಕ್ಕೆಂದಿತು. ನಾನು ಬಾಯಿ ತೆಗೆಯುವ ಮೊದಲೇ ಅವರೆಂದರು: 'ನಾನು ಹಿಡ್ಕೊ ಅಂದೆ, ನೀನು ಹಿಡ್ಕೊಂಡೆ. ಕೊಟ್ಟವನು ನಾನು.' ನಾನು ಹೇಳಿಕೊಟ್ಟ ಮಾತಲ್ಲ ಅದು.

ಅವತ್ತಿನಿಂದ ಅನು ಅಪ್ಪನ ಜೊತೆ ಮಾತು ಬಿಟ್ಟಳು. ಅಮ್ಮ ಫೋನ್ ಮಾಡಿ, 'ಇದ್ದ ಒಂದು ನೆಮ್ಮದಿಯನ್ನೂ ಕಳೆದಿರಿ' ಅಂತ ಬೈದರು. ಅವರನ್ನು ಮೊದಲೇ ಕರೆದು ಕೂರಿಸಿಕೊಳ್ಳದೆ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. 'ಕಾಯಿಲೆಯಿಂದ ಸತ್ತಿತು ಅಂದಿದ್ದರೆ ಸಾಕಿತ್ತು' ಅಂದರು ನನ್ನ ಜೊತೆ ಕೆಲಸ ಮಾಡುವವರೊಬ್ಬರು. ಅದನ್ನು ಒಪ್ಪುವುದಿಲ್ಲ. ಕಾಯಿಲೆ ಯಾಕೆ ಬಂತು ಅಂದರೆ ಅನು ಮತ್ತೆ ತನ್ನ ಮಾತಿಗೇ ಹೋಗಿ ನಿಲ್ಲುತ್ತಿದ್ದಳು. ಅಪ್ಪನ ಮೇಲಿನ ಕೋಪವನ್ನು ಅಪ್ಪ ತಡೆದುಕೊಳ್ಳಬಲ್ಲರು. ತನ್ನ ಮೇಲಿನ ಕೋಪವನ್ನು ಎಂಟು ವರ್ಷದ ಹುಡುಗಿ ಎಲ್ಲಿಡಬೇಕು? ಆ ವಾರ ಅವಳು ರಾತ್ರಿ ಎದ್ದದ್ದು ಎರಡೇ ಸಲ.

ಗಿನಿಪಿಗ್ ಸಾಕುವವರಿಗೆ ಇಲ್ಲೇ ಒಂದು ಮಾತು. ಇವು ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವಗಳು, ಕಾಯಿಲೆಯನ್ನು ಕೊನೆಯವರೆಗೂ ತೋರಿಸಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಅರ್ಧ ದಿನ ಮೇವು ಬಿಟ್ಟರೆ ಕಾಯಬೇಡಿ. ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರು ಎಲ್ಲಿದ್ದಾರೆ ಅಂತ ಗಿನಿಪಿಗ್ ತರುವ ಮೊದಲೇ ಕೇಳಿಟ್ಟುಕೊಳ್ಳಿ.

ಎಳ್ಳಿಗೆ ಜೊತೆ ಬೇಕಿತ್ತು. ಗುಂಪಿನಲ್ಲಿ ಬಾಳುವ ಪ್ರಾಣಿ ಇದು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಇದನ್ನು ಒಂಟಿಯಾಗಿ ಸಾಕುವಂತಿಲ್ಲ. ಹೊಸದು ಬರುವುದು ಎಳ್ಳಿಗೋಸ್ಕರ, ಬೆಲ್ಲದ ಬದಲಿಗೆ ಅಲ್ಲ ಅಂತ ಅನುಗೆ ಬಿಡಿಸಿ ಹೇಳಿ ಅಂದೆ. ಹೆಸರು ಇಡುವುದಿಲ್ಲ ಅಂದಳಂತೆ. ಇಡದಿದ್ದರೂ ಪರವಾಗಿಲ್ಲ ಅಂದೆ.

ಹತ್ತನೇ ದಿನ ಅನು ಅಪ್ಪನ ಮುಂದೆ ಬಂದು ನಿಂತು, 'ಸೆಲ್ಲೋಟೇಪ್ ಎಲ್ಲಿದೆ?' ಅಂತ ಕೇಳಿದಳು. ಕೊಟ್ಟರು. ಫ್ರಿಜ್‌ನಲ್ಲಿರುವ ಔಷಧಿ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದಳು. ಅಪ್ಪ ಅದರ ಫೋಟೋ ನನಗೆ ಕಳಿಸಿದ್ದರು. ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: 'ಇದು ಎಳ್ಳಿಗೆ ಅಲ್ಲ.'