ಗೀಸರ್ ಉರಿ ಹಳದಿ ಆಗಿದೆ, ನಾನೇ ಕ್ಲೀನ್ ಮಾಡಬಹುದಾ?

ಪ್ರಶ್ನೆ: ನಮ್ಮ ಬಾತ್‌ರೂಮಿನಲ್ಲಿ ನಾಲ್ಕು ವರ್ಷದ ಗ್ಯಾಸ್ ಗೀಸರ್ ಇದೆ. ಮೊದಲು ಉರಿ ನೀಲಿ ಇರುತ್ತಿತ್ತು, ಈಗ ಹಳದಿ. ಮೇಲಿನ ಗೋಡೆ ಕಪ್ಪಾಗಿದೆ. ನೀರೂ ಅಷ್ಟು ಬಿಸಿ ಬರುತ್ತಿಲ್ಲ. ಚಳಿ ಅಂತ ಕಿಟಕಿ ಮುಚ್ಚಿಕೊಂಡೇ ಸ್ನಾನ ಮಾಡುತ್ತೇವೆ. ವಿಡಿಯೊ ನೋಡಿ ನಾನೇ ಬಿಚ್ಚಿ ಕ್ಲೀನ್ ಮಾಡಬಹುದಾ? ಅಂದ ಹಾಗೆ, ನಮ್ಮ ಅತ್ತೆಗೆ ಸ್ನಾನ ಆದಮೇಲೆ ತಲೆನೋವು ಬರುತ್ತದೆ. ಬಿಪಿ ಇರಬಹುದೇನೋ. (ಓದುಗರು, ಮೈಸೂರು)

ಉತ್ತರ: ಕ್ಲೀನಿಂಗ್ ಮಾತು ಆಮೇಲೆ. ಇವತ್ತಿನಿಂದಲೇ ಆ ಗೀಸರ್ ಹಚ್ಚಬೇಡಿ. ಒಂದೆರಡು ದಿನ ಅಡುಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. 'ಅಂದ ಹಾಗೆ' ಅಂತ ಕೊನೆಯಲ್ಲಿ ಸೇರಿಸಿದ್ದೀರಲ್ಲ, ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ ಸಾಲು. ಅತ್ತೆಯವರನ್ನು ಡಾಕ್ಟರಿಗೆ ತೋರಿಸಿ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದೆ ಅನ್ನುವುದನ್ನು ಮರೆಯದೆ ಹೇಳಿ.

ಉರಿಗೆ ಗಾಳಿ ಸಾಲದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಸಿಲಿಂಡರ್ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಅದಕ್ಕೆಂದೇ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಅದಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆ ಸುತ್ತು. ಚಿಲಕ ತೆಗೆಯಬೇಕು ಅನ್ನಿಸುವ ಹೊತ್ತಿಗೆ ಕೈಕಾಲು ಮಾತು ಕೇಳುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. 1 ಕೆ.ಜಿ. ಗ್ಯಾಸ್ ಪೂರ್ತಿ ಉರಿಯಲು ಸುಮಾರು 15 ಕೆ.ಜಿ. ಗಾಳಿ ಬೇಕು. ನಾಲ್ಕಡಿಗೆ ಆರಡಿ ಬಾತ್‌ರೂಮಿನಲ್ಲಿ ಇರುವುದೇ ಹೆಚ್ಚೂಕಡಿಮೆ 6 ಕೆ.ಜಿ. ಗಾಳಿ. ಅದನ್ನು ಗೀಸರ್ ಜೊತೆ ನೀವೂ ಹಂಚಿಕೊಳ್ಳಬೇಕು. ಹಿಂದೆ ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿತ್ತಲ್ಲ ಅಂತ ಕೇಳುವವರಿದ್ದಾರೆ. ಅಲ್ಲಿ ಹೊಗೆ ಹೋಗಲು ಹೆಂಚಿನ ಸಂದಿ ಇತ್ತು. ಜಾಸ್ತಿಯಾದರೆ ಕಣ್ಣು ಉರಿದು ನಾವೇ ಹೊರಗೆ ಓಡಿ ಬರುತ್ತಿದ್ದೆವು.

ಈಗ ಕ್ಲೀನಿಂಗ್. ಗೀಸರ್ ಕವರ್ ತೆಗೆದರೆ ಕೆಳಗೆ ಬರ್ನರ್, ಅದರ ಮೇಲೆ ತಾಮ್ರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ತೆಳ್ಳನೆ ತಗಡುಗಳು ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಇರುತ್ತವೆ. ಬಿಸಿ ಹೊಗೆ ಆ ಸಂದಿಯಲ್ಲೇ ಮೇಲೇರಬೇಕು. ಸಂದಿಗೆ ಮಸಿ ಕೂತರೆ ದಾರಿ ಕಟ್ಟುತ್ತದೆ, ಉರಿಗೆ ಗಾಳಿ ಸಾಲದೆ ಹಳದಿಯಾಗುತ್ತದೆ, ಹಳದಿ ಉರಿ ಇನ್ನಷ್ಟು ಮಸಿ ಕಟ್ಟುತ್ತದೆ. ನೀರು ಬಿಸಿಯಾಗದಿರುವುದಕ್ಕೂ ಈ ಮಸಿ ಒಂದು ಕಾರಣ. ಬೋರ್‌ವೆಲ್ ನೀರಾದರೆ ಕೊಳವೆಯೊಳಗೆ ಸುಣ್ಣವೂ ಕಟ್ಟಿರುತ್ತದೆ. ಒಮ್ಮೆ ಹೀಗೇ ಹಳದಿ ಉರಿಯ ಗೀಸರ್ ಬಿಚ್ಚಿದಾಗ ಬರ್ನರಿನ ಬಾಯಲ್ಲಿ ಬೆರಳುಗುರಿನಷ್ಟು ಜೇಡರ ಬಲೆ ಸಿಕ್ಕಿತ್ತು. ಅಷ್ಟೇ ಸಾಕಾಗಿತ್ತು.

ಈ ಭಾಗಕ್ಕೆ ನೀವು ಕೈ ಹಾಕಬೇಡಿ, ಕಂಪನಿ ಮೆಕ್ಯಾನಿಕ್ ಕರೆಸಿ. ವಿಡಿಯೊದಲ್ಲಿ ಸುಲಭವಾಗಿ ಕಾಣುತ್ತದೆ, ಅಲ್ವಾ? ಆದರೆ ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿನ ತೂತಿಗೆ ಪಿನ್ನು ಚುಚ್ಚಿದರೆ ತೂತು ದೊಡ್ಡದಾಗಿ ಗ್ಯಾಸ್ ಜಾಸ್ತಿ ನುಗ್ಗುತ್ತದೆ, ಉರಿ ಮತ್ತೆ ಹಳದಿ. ಮೆಕ್ಯಾನಿಕ್ ಹೊರಡುವ ಮುಂಚೆ ಕವರ್ ಹಾಕಿಸಿ, ಬಾಗಿಲು ಕಿಟಕಿ ತೆರೆದಿಟ್ಟು ಐದು ನಿಮಿಷ ಉರಿಸಿ ತೋರಿಸಲು ಹೇಳಿ. ನೀಲಿಯಾಗಿ, ಅಲ್ಲಾಡದೆ ಉರಿಯಬೇಕು.

ನಿಮ್ಮ ಕೈಲಿ ಆಗುವ ಕೆಲಸವೂ ಇದೆ. ರೆಗ್ಯುಲೇಟರ್ ಆಫ್ ಮಾಡಿ, ನೀರಿನ ವಾಲ್ವ್ ಮುಚ್ಚಿ, ಸೆಲ್ ತೆಗೆದಿಡಿ. ನೀರು ಒಳಗೆ ಹೋಗುವ ಕಡೆ ಪುಟ್ಟ ಜಾಲರಿ ಇರುತ್ತದೆ. ಅದರಲ್ಲಿ ಕೂತ ಮರಳನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ರಬ್ಬರ್ ಪೈಪ್ ಬಾಗಿಸಿ ನೋಡಿ, ಬಿರುಕು ಕಂಡರೆ ಅಥವಾ ಐದು ವರ್ಷ ದಾಟಿದ್ದರೆ ಬದಲಿಸಿ. ಆಮೇಲೆ ರೆಗ್ಯುಲೇಟರ್ ಆನ್ ಮಾಡಿ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಬೇಡ. ಸೋರಿಕೆ ಕಂಡರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಗೀಸರ್ ಬಾತ್‌ರೂಮಿನೊಳಗೆ ಇರಬಾರದು. ಬಾಲ್ಕನಿಯಲ್ಲೋ, ಗಾಳಿಯಾಡುವ ಯುಟಿಲಿಟಿಯಲ್ಲೋ ಕೂರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಮೆಕ್ಯಾನಿಕ್ ಬಂದ ದಿನವೇ ಇದನ್ನೂ ಮಾಡಿಸಿ.

ಪ್ರಶ್ನೆ: ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಹೊತ್ತಿಕೊಳ್ಳುವುದಿಲ್ಲ. (ಓದುಗರು, ತುಮಕೂರು)

ಉತ್ತರ: ಟಿಕ್ ಟಿಕ್ ಕೇಳಿಸಿದರೆ ನೀರಿನ ಒತ್ತಡ ಸರಿಯಿದೆ ಅಂತ ಅರ್ಥ. ಸದ್ದೇ ಇಲ್ಲದಿದ್ದರೆ ಜಾಲರಿ ಅಥವಾ ಸೆಲ್ ಮೇಲೆ ಅನುಮಾನ ಪಡಬೇಕಿತ್ತು. ನೀವು ಮೊದಲು ಗ್ಯಾಸ್ ಇದೆಯಾ ನೋಡಿ. ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಇರುತ್ತದೆ, ಎರಡು ಮೂರು ಸಲ ಆನ್-ಆಫ್ ಮಾಡಿದರೆ ಹೊತ್ತಿಕೊಳ್ಳುತ್ತದೆ. ಆಗಲೂ ಆಗದಿದ್ದರೆ, ಸದ್ದು ಬಂದರೂ ಸೆಲ್ ಸೊರಗಿರಬಹುದು, ಎರಡೂ ಸೆಲ್ ಒಟ್ಟಿಗೆ ಬದಲಿಸಿ, ಒಂದು ಹಳೇದು ಒಂದು ಹೊಸದು ಹಾಕಬೇಡಿ. ಹೊತ್ತಲಿಲ್ಲ ಅಂತ ಪದೇ ಪದೇ ತಿರುಗಿಸುತ್ತ ನಿಲ್ಲಬೇಡಿ. ಶೇಖರವಾದ ಗ್ಯಾಸ್ ಒಮ್ಮೆಲೇ ಭುಗ್ ಅನ್ನುತ್ತದೆ.

ಪ್ರಶ್ನೆ: ಬಾಡಿಗೆ ಮನೆ. ಗೀಸರ್ ಜಾಗ ಬದಲಿಸಲು ಓನರ್ ಒಪ್ಪುತ್ತಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕಾ? (ಓದುಗರು, ಬೆಂಗಳೂರು)

ಉತ್ತರ: ಸಾಲದು. ಬಾಗಿಲು ಮುಚ್ಚಿದಾಗ ಹೊಸ ಗಾಳಿ ಎಲ್ಲಿಂದ ಬರಬೇಕು? ಹೊಗೆ ಕೊಳವೆ ಇರುವ ಗೀಸರ್ ಆದರೆ ಫ್ಯಾನು ಹೊಗೆಯನ್ನು ವಾಪಸ್ ಒಳಗೇ ಎಳೆಯಬಹುದು. ಓನರ್ ಒಪ್ಪುವವರೆಗೆ ಹೀಗೆ ಮಾಡಿ: ಬಾಗಿಲು, ಕಿಟಕಿ ಎರಡೂ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ನೀವು ಹೊರಗಿರಿ. ತುಂಬಿದ ಮೇಲೆ ಗೀಸರ್ ಆಫ್ ಮಾಡಿ, ರೆಗ್ಯುಲೇಟರ್ ಮುಚ್ಚಿ. ಹತ್ತು ನಿಮಿಷ ಗಾಳಿಯಾಡಲಿ, ಆಮೇಲೆ ಸ್ನಾನಕ್ಕೆ ಹೋಗಿ. ನೀರು ಸ್ವಲ್ಪ ಆರುತ್ತದೆ, ಒಂದು ಚೊಂಬು ತಣ್ಣೀರು ಕಡಿಮೆ ಬೆರೆಸಿಕೊಳ್ಳಿ.