ಕೌಬಾಯ್ ಟೋಪಿ ತೆಗೆದಿಟ್ಟು ಮತ್ತೊಮ್ಮೆ ಬರೆಯಿರಿ

ಮಾನ್ಯರೇ,

‘ಕೌಬಾಯ್‌ಗಳ ಕೊರಳ ಹಾಡು’ ಎಂಬ ಹೆಸರಿನಲ್ಲಿ ನೀವು ಕಳಿಸಿದ, ಅಮೆರಿಕದ ಕಂಟ್ರಿ ಸಂಗೀತದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡುವಂಥದ್ದೂ ಅಲ್ಲ. ಈ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ನಿಮ್ಮ ವಾಕ್ಯಗಳೂ ತೊಡಕಿಲ್ಲದೆ ಓದಿಸಿಕೊಳ್ಳುತ್ತವೆ. ಅದಕ್ಕೇ ‘ಸ್ವೀಕರಿಸಲಾಗಲಿಲ್ಲ’ ಎಂದು ಒಂದು ಸಾಲು ಬರೆದು ಮುಗಿಸದೆ ಇಷ್ಟುದ್ದದ ಪತ್ರ.

ದೊಡ್ಡ ದೂರು ಒಂದೇ: ಎರಡು ಸಾವಿರ ಪದಗಳ ಲೇಖನದಲ್ಲಿ ಸಂಗೀತ ಎಲ್ಲೂ ಕೇಳಿಸುವುದಿಲ್ಲ. ‘ಮನಮಿಡಿಯುವ’ ಐದು ಸಲ ಬಂದಿದೆ, ‘ಮಣ್ಣಿನ ಸೊಗಡು’ ನಾಲ್ಕು ಸಲ. ಈ ಮಾತುಗಳನ್ನು ಹಾಗೇ ಎತ್ತಿ ಲಾವಣಿಯ ಬಗೆಗಿನ ಲೇಖನದಲ್ಲಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಯಾವ ಬೆರಳು ಯಾವ ತಂತಿಯನ್ನು ಮೀಟಿದಾಗ ಆ ನಾದ ಹುಟ್ಟುತ್ತದೆ ಎಂದು ಬರೆಯಿರಿ. ಮನ ಮಿಡಿಯುವುದು ಓದುಗರಿಗೆ ಬಿಟ್ಟ ಕೆಲಸ.

ಮೊದಲು ನಿಮ್ಮ ಆರಂಭದ ದೃಶ್ಯ. ಟೆಕ್ಸಾಸಿನ ಬಯಲು, ಮುಳುಗುವ ಸೂರ್ಯ, ಕುದುರೆಯ ಮೇಲೊಬ್ಬ ಕೌಬಾಯ್, ಹೆಗಲಿಗೆ ಗಿಟಾರು. ಇದು ಸಿನಿಮಾ. ಆ ಅಗಲ ಟೋಪಿಯನ್ನು ಈ ಸಂಗೀತದ ತಲೆಗೆ ಗಟ್ಟಿಯಾಗಿ ಕೂರಿಸಿದ್ದು 1930ರ ದಶಕದ ಹಾಲಿವುಡ್, ಜೀನ್ ಆಟ್ರಿಯಂಥ ಹಾಡುವ ನಾಯಕರ ಕಾಲದಲ್ಲಿ. ಅದಕ್ಕೆ ಎಷ್ಟೋ ಮೊದಲೇ ಈ ಸಂಗೀತ ಅಮೆರಿಕದ ಪೂರ್ವಭಾಗದ ಅಪ್ಪಲಾಚಿಯ ಬೆಟ್ಟಗಳಲ್ಲಿತ್ತು: ವರ್ಜೀನಿಯಾ, ಟೆನೆಸೀ, ನಾರ್ತ್ ಕೆರೊಲೈನಾ, ಕೆಂಟಕಿ. ಹಾಡುತ್ತಿದ್ದವರು ಕಲ್ಲಿದ್ದಲ ಗಣಿಯವರು, ಹತ್ತಿಗಿರಣಿಯವರು, ರೈಲ್ವೆಯವರು, ಇಳಿಜಾರಿನಲ್ಲಿ ಮೆಕ್ಕೆಜೋಳ ಬೆಳೆಯುವವರು. ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂಬ ಜೋಡಿ ಹೆಸರನ್ನು ಬಿಲ್‌ಬೋರ್ಡ್ ಪತ್ರಿಕೆ ತನ್ನ ಜನಪ್ರಿಯ ಹಾಡುಗಳ ಪಟ್ಟಿಗೆ ಇಟ್ಟದ್ದು 1949ರಲ್ಲಿ. ಅದಕ್ಕೂ ಹಿಂದೆ ಈ ರೆಕಾರ್ಡುಗಳನ್ನು ‘ಹಿಲ್‌ಬಿಲಿ’ ಎಂದು ಮಾರುತ್ತಿದ್ದರು. ನಮ್ಮ ಕಡೆ ‘ಹಳ್ಳಿ ಗಮಾರ’ ಅಂದ ಹಾಗೆ, ಬೈಗುಳಕ್ಕೆ ಹತ್ತಿರದ ಪದ.

ದೃಶ್ಯವೇ ಬೇಕೆಂದರೆ ನಿಮ್ಮ ಆರನೇ ಪುಟದಲ್ಲಿ ಒಂದು ಸಾಲಿಗೆ ಮುಗಿಸಿರುವ ಬ್ರಿಸ್ಟಲ್ ಇದೆಯಲ್ಲ, ಅದನ್ನು ಮೊದಲಿಗೆ ತನ್ನಿ. ಊರಿನ ಮುಖ್ಯ ಬೀದಿಯ ನಡುವೆಯೇ ರಾಜ್ಯದ ಗಡಿ ಹಾಯುತ್ತದೆ, ಈ ಬದಿ ಟೆನೆಸೀ, ಆ ಬದಿ ವರ್ಜೀನಿಯಾ. ವಿಕ್ಟರ್ ಎಂಬ ರೆಕಾರ್ಡ್ ಕಂಪನಿಯ ಪರವಾಗಿ ಬಂದ ರಾಲ್ಫ್ ಪಿಯರ್, ಟೋಪಿ ವ್ಯಾಪಾರದ ಕಟ್ಟಡವೊಂದರಲ್ಲಿ ಯಂತ್ರ ಹೂಡಿ, 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ 19 ತಂಡಗಳಿಂದ 76 ಹಾಡುಗಳನ್ನು ಮುದ್ರಿಸಿಕೊಂಡ. (ಟೋಪಿ ಬೇಕೇ ಬೇಕೆಂದರೆ ಇಲ್ಲಿದೆ ನೋಡಿ.) ಆಗಸ್ಟ್ 1 ಮತ್ತು 2ರಂದು ಕಾರ್ಟರ್ ಕುಟುಂಬದ ತಂಡದವರು ಆರು ಹಾಡು ಹಾಡಿದರು. ಆಗಸ್ಟ್ 4ರಂದು ಜಿಮ್ಮಿ ರಾಜರ್ಸ್ ಒಬ್ಬನೇ ಎರಡು ಹಾಡು ಹಾಡಿದ. ಮುಂದೆ ಈ ಸಂಗೀತಕ್ಕೆ ಎರಡು ದಾರಿ ತೋರಿಸಿದವರು ಇವರೇ. ಇಬ್ಬರೂ ಒಂದೇ ವಾರದಲ್ಲಿ ಒಂದೇ ಮೈಕಿನ ಮುಂದೆ ನಿಂತಿದ್ದರು.

ಮೈಕು ಎಂದೆವಲ್ಲ, ಅದನ್ನು ನೀವು ಹೇಳಿಯೇ ಇಲ್ಲ. 1925ರ ತನಕ ರೆಕಾರ್ಡಿಂಗ್ ಎಂದರೆ ದೊಡ್ಡ ಕೊಳವೆಯ ಬಾಯಿಗೆ ಕಿರುಚುವುದು. ಫಿಡಲ್, ಬ್ಯಾಂಜೊ ಅದರೊಳಕ್ಕೆ ತೂರಿಕೊಳ್ಳುತ್ತಿದ್ದವು, ಗಿಟಾರಿನ ಮೆಲುದನಿ ಮುಳುಗಿಹೋಗುತ್ತಿತ್ತು. ವಿದ್ಯುತ್ ಮೈಕ್ರೊಫೋನ್ ಬಂದ ಮೇಲೇ ಮನೆಯ ಪಡಸಾಲೆಯಲ್ಲಿ ಹಾಡುವ ದನಿ ತಟ್ಟೆಗೆ ಇಳಿಯಿತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಇಪ್ಪತ್ತು ಚರಣಗಳ ಹಳೆಯ ಬ್ಯಾಲಡ್ಡುಗಳು, ಅಂದರೆ ಕಥನಗೀತೆಗಳು, ನಾಲ್ಕೈದು ಚರಣಕ್ಕೆ ಇಳಿದದ್ದು ಹೀಗೆ.

‘ಕಂಟ್ರಿ ಎಂದರೆ ಅಮೆರಿಕದ ಜನಪದ ಸಂಗೀತ’ ಎಂದು ಮೂರು ಕಡೆ ಬರೆದಿದ್ದೀರಿ. ಬೇರು ಜನಪದದ್ದು, ನಿಜ. ಗಿಡ ಮಾತ್ರ ಅಂಗಡಿಯಲ್ಲಿ ಬೆಳೆದದ್ದು. ಪಿಯರ್‌ನ ಗಳಿಕೆ ಇದ್ದದ್ದು ಹಾಡಿನ ಹಕ್ಕುಸ್ವಾಮ್ಯದಲ್ಲಿ. ಆದ್ದರಿಂದ ಅವನಿಗೆ ಬೇಕಾಗಿದ್ದದ್ದು ಹೊಸ ಹಾಡು, ಇಲ್ಲವೇ ಹೊಸದೆಂದು ನೋಂದಾಯಿಸಬಹುದಾದಷ್ಟು ತಿದ್ದಿದ ಹಳೆಯ ಹಾಡು. ಎ. ಪಿ. ಕಾರ್ಟರ್ ಬೆಟ್ಟದ ಹಳ್ಳಿಗಳನ್ನು ಸುತ್ತಿ ಹಾಡು ಹೆಕ್ಕಿ ತಂದು ತಿದ್ದುತ್ತಿದ್ದ. ಅವನ ಜತೆ ತಿರುಗಿದ ಲೆಸ್ಲಿ ರಿಡಲ್ ಕಪ್ಪು ಸಂಗೀತಗಾರ. ರಾಗಗಳನ್ನು ನೆನಪಿಟ್ಟುಕೊಳ್ಳುವ ಕೆಲಸ ಅವನದು. ಆದರೂ ಆ ಕಾಲದ ಕಾರ್ಟರ್ ರೆಕಾರ್ಡುಗಳಲ್ಲಿ ಅವನ ಹೆಸರಿಲ್ಲ, ಏಕೆಂದರೆ ಕಂಪನಿಗಳು ಬಿಳಿಯರಿಗೆ ‘ಹಿಲ್‌ಬಿಲಿ’, ಕಪ್ಪು ಜನರಿಗೆ ‘ರೇಸ್’ ಎಂದು ಎರಡು ಪ್ರತ್ಯೇಕ ಪಟ್ಟಿ ಮಾಡಿ ಮಾರುತ್ತಿದ್ದವು. ‘ಬಿಳಿಯ ರೈತರ ಸಂಗೀತ’ ಎಂಬ ನಿಮ್ಮ ವಾಕ್ಯ ಆ ಮಾರಾಟದ ಪಟ್ಟಿಯನ್ನೇ ಚರಿತ್ರೆ ಎಂದು ನಂಬಿಬಿಟ್ಟಿದೆ. ಮುಂದೆ ಕಂಟ್ರಿಯ ದೊಡ್ಡ ಗಾಯಕನಾದ ಹ್ಯಾಂಕ್ ವಿಲಿಯಮ್ಸ್‌ಗೆ ಎಳವೆಯಲ್ಲಿ ಪಾಠ ಹೇಳಿದ ರೂಫಸ್ ಪೇನ್, ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮದ ಮೊದಮೊದಲ ತಾರೆಗಳಲ್ಲೊಬ್ಬನಾದ ಹಾರ್ಮೋನಿಕಾ ವಾದಕ ಡೆಫೋರ್ಡ್ ಬೇಯ್ಲಿ, ಇಬ್ಬರೂ ಕಪ್ಪು ಜನ. ಅವರಿಗೆ ಲೇಖನದಲ್ಲಿ ಜಾಗ ಮಾಡಿ.

ವಾದ್ಯಗಳ ಭಾಗ ಸಂತೆ ಚೀಟಿಯಂತಿದೆ. ಎಂಟು ವಾದ್ಯ, ತಲಾ ಎರಡು ವಾಕ್ಯ. ಐದನ್ನು ಹಿಂದಕ್ಕಿಟ್ಟು ಮೂರನ್ನು ಗಟ್ಟಿಯಾಗಿ ಹಿಡಿಯಿರಿ: ಫಿಡಲ್, ಬ್ಯಾಂಜೊ, ಗಿಟಾರು.

‘ಫಿಡಲ್ ವಯೊಲಿನ್‌ಗಿಂತ ಚಿಕ್ಕದಾದ ಹಳ್ಳಿ ವಾದ್ಯ’ ಎಂದಿದ್ದೀರಿ. ತಪ್ಪು. ಪಿಟೀಲು ಚೌಡಯ್ಯ ಎನ್ನುವಾಗಿನ ಪಿಟೀಲೇ ಅದು. ಬೇರೆಯಾದದ್ದು ಕೈ ಮತ್ತು ಕಿವಿ. ಹಲವು ಫಿಡಲ್‌ಗಾರರು ತಂತಿಗಳನ್ನು ಹೊರುವ ಮರದ ತುಂಡಾದ ‘ಕುದುರೆ’ಯ ಮೇಲಂಚನ್ನು ಕೊಂಚ ಚಪ್ಪಟೆ ಮಾಡಿಸಿಕೊಳ್ಳುತ್ತಾರೆ, ಕಮಾನು ಒಟ್ಟಿಗೆ ಎರಡು ತಂತಿಗೆ ಸುಲಭವಾಗಿ ತಾಗಲೆಂದು. ಒಂದರಲ್ಲಿ ಹಾಡು, ಪಕ್ಕದ್ದರಲ್ಲಿ ಶ್ರುತಿ. ಇಲ್ಲಿ ಕನ್ನಡ ಓದುಗರಿಗೆ ಥಟ್ಟನೆ ಹೊಳೆಯುವ ಸಂಗತಿಯೊಂದಿದೆ, ನಿಮ್ಮ ಕಣ್ಣಿಗೆ ಬೀಳಲಿಲ್ಲ. ವಯೊಲಿನ್ನಿನ ಪಾಶ್ಚಾತ್ಯ ಶ್ರುತಿ ದಪ್ಪ ತಂತಿಯಿಂದ ಜಿ-ಡಿ-ಎ-ಇ. ಬೆಟ್ಟದ ಫಿಡಲ್‌ಗಾರರು ಕೆಲವು ಹಾಡುಗಳಿಗೆ ಮೊದಲೆರಡು ದಪ್ಪ ತಂತಿಗಳನ್ನು ಒಂದೊಂದು ಪೂರ್ಣ ಸ್ವರದಷ್ಟು ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಅದು ನಮ್ಮ ಕರ್ನಾಟಕ ಸಂಗೀತದ ಪಿಟೀಲಿನ ಸ-ಪ-ಸ-ಪ! ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ಶ್ರುತಿಯ ಮೇಲೆ ಆಡುವ ಸಂಗೀತಕ್ಕೆ ಬಿಟ್ಟ ತಂತಿಗಳು ಸ, ಪ ಆಗಿದ್ದರೆ ಅನುಕೂಲ, ಅಷ್ಟೆ. ತೊಂದರೆಯೂ ಇದೆ. ಏರಿಸಿದ ತಂತಿ ಕೂಡಲೇ ನಿಲ್ಲುವುದಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುತ್ತದೆ. ಪದೇ ಪದೇ ಬಿರಡೆ ತಿರುಗಿಸುವ ಕಾಟ ಬೇಡವೆಂದು ಒಂದೇ ಶ್ರುತಿಯ ಹಾಡುಗಳನ್ನು ಸಾಲಾಗಿ ನುಡಿಸಿ ಮುಗಿಸಿ ಆಮೇಲೆ ಶ್ರುತಿ ಬದಲಿಸುತ್ತಾರೆ.

ಬ್ಯಾಂಜೊ ವಿಷಯದಲ್ಲಿ ಮೊದಲು ಒಂದು ಎಚ್ಚರಿಕೆ. ನಮ್ಮಲ್ಲಿ ಬ್ಯಾಂಜೊ ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಟೈಪ್‌ರೈಟರಿನಂತೆ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ಅದಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ. ಎರಡನೆಯದು, ‘ಐರ್ಲೆಂಡಿನಿಂದ ಬಂದ ಬ್ಯಾಂಜೊ’ ಎಂಬುದನ್ನು ಹೊಡೆದು ಹಾಕಿ. ಇದು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ತಂದವರ ನೆನಪಿನಲ್ಲಿ ಅಟ್ಲಾಂಟಿಕ್ ದಾಟಿದ ವಾದ್ಯ. ಸೆನೆಗಾಂಬಿಯಾದ ಅಕೊಂಟಿಂಗ್ ಇಂದಿಗೂ ಇದೆ: ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ತೂರಿಸಿ, ಮೂರು ತಂತಿ ಕಟ್ಟಿದ್ದು, ಅವುಗಳಲ್ಲಿ ಒಂದು ಗಿಡ್ಡ, ಹೆಬ್ಬೆರಳಿಗೆಂದೇ ಮೀಸಲು. ಆ ಗಿಡ್ಡ ತಂತಿಯೇ ಬ್ಯಾಂಜೊದ ಐದನೆಯ ತಂತಿ. ಅದರ ಬಿರಡೆ ತಲೆಯಲ್ಲಿ ಇರುವುದಿಲ್ಲ, ಕುತ್ತಿಗೆಯ ಬದಿಯಲ್ಲಿ ಐದನೆಯ ಮೆಟ್ಟಿನ ಹತ್ತಿರ ಇರುತ್ತದೆ. ಕೂತಿರುವುದು ದಪ್ಪ ತಂತಿಯ ಪಕ್ಕದಲ್ಲಿ, ನಾದ ಮಾತ್ರ ಎಲ್ಲಕ್ಕಿಂತ ಮೇಲಿನದು. ಎಡಗೈ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತಂಬೂರಿಯ ತಂತಿಯಂತೆ ಒಂದೇ ಸ್ವರ, ಆದರೆ ತಾಳಕ್ಕೆ ಸಿಕ್ಕಿಸಿದ್ದು.

ಬೆಟ್ಟದ ಹಳೆಯ ಪಟ್ಟಿನಲ್ಲಿ ತೋರುಬೆರಳಿನ ಅಥವಾ ನಡುಬೆರಳಿನ ಉಗುರು ತಂತಿಯನ್ನು ಮೇಲಿಂದ ಕೆಳಕ್ಕೆ ಬಡಿಯುತ್ತದೆ, ಬೆನ್ನಿಗೇ ತಂತಿಗಳನ್ನೆಲ್ಲ ಒಮ್ಮೆ ಸವರುತ್ತದೆ, ಹೆಬ್ಬೆರಳು ಗಿಡ್ಡ ತಂತಿಯಿಂದ ಜಾರಿ ಬೀಳುತ್ತದೆ. ‘ಧೂಂ-ತಕ’, ಮೊದಲ ಅಕ್ಷರ ಉದ್ದ, ಆಮೇಲಿನ ಎರಡು ಗಿಡ್ಡ. ಅರ್ಲ್ ಸ್ಕ್ರಗ್ಸ್ 1945ರ ಕೊನೆಯಲ್ಲಿ ಬಿಲ್ ಮನ್ರೋ ತಂಡ ಸೇರಿ ಪ್ರಸಿದ್ಧಗೊಳಿಸಿದ ಪಟ್ಟು ಬೇರೆ: ಹೆಬ್ಬೆರಳು ಮತ್ತು ಎರಡು ಬೆರಳಿಗೆ ಮೀಟುಗೋಲು ತೊಟ್ಟು ಒಂದೊಂದೇ ಸ್ವರವನ್ನು ಎಡೆಬಿಡದೆ ಉದುರಿಸುವುದು. ನೀವು ಇದನ್ನು ‘ಮಿಂಚಿನ ವೇಗ’ ಎಂದು ಬಿಟ್ಟಿದ್ದೀರಿ. ವೇಗ ಇದೆ, ಆದರೆ ಗುಟ್ಟು ಎಣಿಕೆಯಲ್ಲಿದೆ. ಎಂಟು ಮೀಟುಗಳನ್ನು ಮೂರು, ಮೂರು, ಎರಡು ಎಂದು ಒಡೆಯುತ್ತಾರೆ. ಬಾಯಲ್ಲಿ ‘ತಕಿಟ ತಕಿಟ ತಕ’ ಎಂದು ಹೇಳುತ್ತಾ ಕೈಯಲ್ಲಿ ನಾಲ್ಕು ಸಮನಾದ ತಟ್ಟು ಹಾಕಿ ನೋಡಿ. ಒತ್ತು ತಟ್ಟಿನಿಂದ ಜಾರಿ ಜಾರಿ ಬೀಳುತ್ತದಲ್ಲ, ಮನ್ರೋ ತಂಡದಿಂದ ಹೊರಟ ಕಂಟ್ರಿಯ ಕವಲಾದ ಬ್ಲೂಗ್ರಾಸ್ ಓಡಿಹೋಗುತ್ತಿರುವಂತೆ ಕೇಳುವುದು ಅದರಿಂದ. ಹಿಂದೆಲ್ಲ ಬ್ಯಾಂಜೊದ ಹೊದಿಕೆ ಚರ್ಮದ್ದಾಗಿತ್ತು. ಮಳೆಗಾಲದ ಮೃದಂಗದಂತೆ ತೇವಕ್ಕೆ ಸಡಿಲಾಗಿ ನಾದ ಮಂಕಾಗುತ್ತಿತ್ತು. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಹೊದಿಕೆ ಬಂದು ಆ ಗೋಳು ಬಹುಮಟ್ಟಿಗೆ ತಪ್ಪಿತು.

ಗಿಟಾರಿನ ಬಗ್ಗೆ ಬರೆದದ್ದು ತಿರುಗುಮುರುಗಾಗಿದೆ. ಮೇಬೆಲ್ ಕಾರ್ಟರ್ ‘ಹೆಬ್ಬೆರಳಲ್ಲಿ ತಾಳ ಹಿಡಿದು ಬೆರಳುಗಳಲ್ಲಿ ರಾಗ ನುಡಿಸಿದಳು’ ಎಂದಿದ್ದೀರಿ. ಅವಳು ಮಾಡಿದ್ದು ಅದರ ಉಲ್ಟಾ, ಅವಳ ಹೆಸರು ಉಳಿದಿರುವುದೂ ಅದಕ್ಕೇ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ರಾಗ ನುಡಿಸುತ್ತದೆ, ನಡುನಡುವೆ ಸಿಗುವ ಸಂದಿನಲ್ಲಿ ತೋರುಬೆರಳು ಸಣ್ಣ ತಂತಿಗಳನ್ನು ಸವರಿ ತಾಳ ತುಂಬುತ್ತದೆ. ಒಂದೇ ಗಿಟಾರು ಇಬ್ಬರ ಕೆಲಸ ಮಾಡುತ್ತದೆ. 1928ರಲ್ಲಿ ಮುದ್ರಿಸಿದ ‘ವೈಲ್ಡ್‌ವುಡ್ ಫ್ಲವರ್’ ಹಾಕಿಕೊಂಡು ದಪ್ಪ ತಂತಿಗಳಿಗೆ ಮಾತ್ರ ಕಿವಿಗೊಡಿ, ನಾವು ಹೇಳುವುದು ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ. ಆಗ ನಿಮ್ಮ ‘ಸರಳ, ಸುಂದರ ವಾದನ’ವನ್ನು ನೀವೇ ಹೊಡೆದು ಹಾಕುತ್ತೀರಿ.

ಉಳಿದವು ಚುರುಕಾಗಿ. ‘ಸ್ಟೀಲ್ ಗಿಟಾರ್ ಎಂದರೆ ಉಕ್ಕಿನ ತಂತಿಯ ಗಿಟಾರ್’ ಎಂಬುದು ಇಡೀ ಲೇಖನದ ದೊಡ್ಡ ತಪ್ಪು. ಉಕ್ಕು ಎಡಗೈಯಲ್ಲಿರುತ್ತದೆ: ಗಿಟಾರನ್ನು ಮಲಗಿಸಿ, ಬೆರಳು ಒತ್ತುವ ಬದಲು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುವುದು. ಪಟ್ಟು ಹವಾಯಿಯದು, 1915ರ ಸ್ಯಾನ್‌ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಿಂದ ಅಮೆರಿಕದ ತುಂಬ ಹರಡಿತು. ನೀವು ‘ಅಳುವ ಗಿಟಾರ್’ ಎಂದಿರುವುದು ಅದರ ಮುಂದಿನ ರೂಪವಾದ ಪೆಡಲ್ ಸ್ಟೀಲನ್ನು. ಅಳು ಎಲ್ಲಿಂದ ಬರುತ್ತದೆ ಎಂದು ಹೇಳಿ. ಸ-ಗ-ಪ ಮೂರೂ ಒಟ್ಟಿಗೆ ಮೊಳಗುತ್ತಿರುವಾಗ ಕಾಲಲ್ಲಿ ಎರಡು ಪೆಡಲ್ ಒತ್ತಿದರೆ, ಸ ಇದ್ದಲ್ಲೇ ಇರುತ್ತದೆ, ಗ ಜಾರಿ ಮ ಆಗುತ್ತದೆ, ಪ ಜಾರಿ ದ ಆಗುತ್ತದೆ. ಒಂದು ಸ್ವರ ನಿಂತು ಎರಡು ನಡೆದುಹೋಗುವ ಆ ಕ್ಷಣವೇ ಕೇಳುಗರ ಹೊಟ್ಟೆ ಹಿಂಡುವುದು. 1954ರಲ್ಲಿ ಬಂದ ವೆಬ್ ಪಿಯರ್ಸ್‌ನ ಹಾಡೊಂದರಲ್ಲಿ ಬಡ್ ಐಸಾಕ್ಸ್ ಇದನ್ನು ನುಡಿಸಿದ ಮೇಲೆ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೆ ಪೆಡಲ್ ಕಟ್ಟಿಸಲು ಓಡಿದರು.

ಡಲ್ಸಿಮರ್ ಎಂದರೆ ಸಂತೂರ್ ಎಂದು ಬರೆದಿದ್ದೀರಿ. ಸಂತೂರಿನ ನೆಂಟ ಕೋಲಿನಿಂದ ಬಡಿಯುವ ಡಲ್ಸಿಮರ್. ಅಪ್ಪಲಾಚಿಯದ್ದು ತೊಡೆಯ ಮೇಲಿಟ್ಟು ಮೀಟುವ, ಮೂರು ನಾಲ್ಕು ತಂತಿಯ ಬೇರೆಯೇ ವಾದ್ಯ, ಆರಂಭದ ರೆಕಾರ್ಡುಗಳಲ್ಲಿ ವಿರಳ. ಬಿಟ್ಟುಬಿಡಿ. ಸಾಂಪ್ರದಾಯಿಕ ವಾದ್ಯಗಳ ಸಾಲಿಗೆ ಡ್ರಮ್ಸ್ ಸೇರಿಸಿದ್ದನ್ನೂ ತೆಗೆಯಿರಿ. ಓಪ್ರಿ ವೇದಿಕೆ ಅದನ್ನು ಬಹುಕಾಲ ದೂರವೇ ಇಟ್ಟಿತ್ತು. ತಾಳ ಹುಟ್ಟುತ್ತಿದ್ದದ್ದು ಬೇರೆ ಕಡೆ: ಆಳೆತ್ತರದ ಮಂದ್ರ ತಂತಿವಾದ್ಯವಾದ ಬಾಸ್ ಒಂದು ಮತ್ತು ಮೂರನೆಯ ಎಣಿಕೆಗೆ ಸ, ಪ ಎಂದು ನಡೆಯುತ್ತದೆ, ಬ್ಲೂಗ್ರಾಸ್ ತಂಡದಲ್ಲಾದರೆ ಎರಡು ಮತ್ತು ನಾಲ್ಕಕ್ಕೆ ಮ್ಯಾಂಡೊಲಿನ್ ‘ಚಕ್’ ಎನ್ನುತ್ತದೆ, ಮೀಟಿದ ಕೂಡಲೇ ಎಡಗೈ ಸಡಿಲಿಸಿ ನಾದವನ್ನು ಕತ್ತರಿಸುವುದರಿಂದ. ಗಾಯಕ ಜಾನಿ ಕ್ಯಾಶ್ 1950ರ ದಶಕದಲ್ಲಿ ಗಿಟಾರ್ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಡ್ರಮ್ಮಿನ ಚರಚರ ಬರಿಸಿದ. ಇಂಥ ವಿವರ ಒಂದಿದ್ದರೆ ಅರ್ಧ ಪುಟದ ವರ್ಣನೆ ಬೇಕಾಗುವುದಿಲ್ಲ.

ಜಿಮ್ಮಿ ರಾಜರ್ಸ್‌ನ ಯೋಡೆಲ್ ವಿವರಿಸಲು ಕಿಶೋರ್ ಕುಮಾರರನ್ನು ಕರೆತಂದದ್ದು ಚೆನ್ನಾಗಿದೆ, ಇರಲಿ. ಆದರೆ ‘ಗಂಟಲಿನಿಂದ ಹೊರಡುವ ವಿಚಿತ್ರ ಧ್ವನಿ’ ಸಾಲದು. ಎದೆಯ ದನಿಯಿಂದ ಕಳ್ಳದನಿಗೆ ಹಾರುವಾಗ ನಡುವೆ ಒಂದು ಬಿರುಕು ಕೇಳುತ್ತದೆ. ಶಾಸ್ತ್ರೀಯ ಗಾಯಕರು ಆ ಬಿರುಕನ್ನು ಮುಚ್ಚಲು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ, ಯೋಡೆಲ್ ಹಾಡುವವನಿಗೆ ಬೇಕಾದದ್ದೇ ಆ ಬಿರುಕು.

ಕೊನೆಯ ಎರಡು ಪುಟ, 1960ರ ನಂತರದ ತಾರೆಯರ ಪಟ್ಟಿ, ಪೂರ್ತಿ ತೆಗೆಯಿರಿ. ಅದು ಬೇರೆ ಲೇಖನ. ಹೆಸರುಗಳ ಕಾಗುಣಿತ ಒಂದೇ ರೀತಿ ಇರಲಿ. ಒಂದೇ ಪುಟದಲ್ಲಿ ಬಾಂಜೋ, ಬ್ಯಾಂಜೊ, ಬೆಂಜೋ ಮೂರೂ ಇವೆ. 1,500 ಪದಗಳೊಳಗೆ, ಬ್ರಿಸ್ಟಲ್‌ನಿಂದ ಶುರುಮಾಡಿ ಕಳಿಸಿ. ನೀವು ಕೇಳಿ ಬರೆದ ಹಾಡುಗಳು ಯಾವುವು, ಯಾವ ವರ್ಷದ ರೆಕಾರ್ಡು ಎಂಬುದನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿ ಜತೆಗಿಡಿ. ಅದು ಅಚ್ಚಿಗಲ್ಲ, ನಾವೂ ಕೇಳಿ ತಾಳೆ ನೋಡುವುದಕ್ಕೆ.

ಇಂತಿ,
ಸಂಪಾದಕರು