ಜಿ, ಸಿ ಎಣಿಕೆಯಲ್ಲಿ ಏರುಪೇರು: ನನ್ನ ಪ್ರೋಗ್ರಾಂ ತಪ್ಪಿದೆಯಾ?

ಪ್ರಶ್ನೆ: ಸರ್, ನಾನು ಗಂಗಾವತಿಯವಳು, ರಾಯಚೂರಿನಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಭತ್ತಕ್ಕೆ ದುಂಡಾಣು ಅಂಗಮಾರಿ ತರುವ ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾದ ಜೀನೋಮ್ (ಅದರ ಇಡೀ ಡಿಎನ್‌ಎ, ಎ, ಟಿ, ಜಿ, ಸಿ ಎಂಬ ಅಕ್ಷರಗಳ ಸಾಲಾಗಿ) ಡೌನ್‌ಲೋಡ್ ಮಾಡಿ ಅಕ್ಷರ ಎಣಿಸಿದೆ. ಒಟ್ಟು ಲೆಕ್ಕದಲ್ಲಿ ಜಿ, ಸಿ ಹೆಚ್ಚುಕಡಿಮೆ ಸಮ. ತುಂಡು ಮಾಡಿ ಎಣಿಸಿದರೆ ಒಂದರ್ಧದಲ್ಲಿ ಜಿ ಜಾಸ್ತಿ, ಇನ್ನರ್ಧದಲ್ಲಿ ಸಿ ಜಾಸ್ತಿ. ನನ್ನ ಪ್ರೋಗ್ರಾಂ ತಪ್ಪಿದೆಯಾ?

ಉತ್ತರ: ಇಲ್ಲ, ಸರಿಯಾಗೇ ಇದೆ. ದಯವಿಟ್ಟು ಈ ಏರುಪೇರನ್ನು ಸರಾಸರಿಯಲ್ಲಿ ಮುಚ್ಚಿಬಿಡಬೇಡಿ, ನಿಮಗೆ ಸಿಕ್ಕಿರುವ ಒಳ್ಳೆಯ ಸುಳಿವೇ ಅದು.

ಡಿಎನ್‌ಎಯ ಎರಡು ಎಳೆಗಳಲ್ಲಿ ಒಂದರ ಜಿ ಎದುರು ಇನ್ನೊಂದರಲ್ಲಿ ಯಾವಾಗಲೂ ಸಿ ಇರುತ್ತದೆ. ಎರಡೂ ಎಳೆ ಸೇರಿಸಿ ಎಣಿಸಿದರೆ ಸಮ ಬರಲೇಬೇಕು. ಒಂದೇ ಎಳೆಯಲ್ಲೂ ಸುಮಾರಾಗಿ ಸಮ ಬರುತ್ತದೆ ಅಂತ ಜೀವರಸಾಯನ ವಿಜ್ಞಾನಿ ಚಾರ್ಗಾಫ್ ಅವರ ತಂಡ 1968ರಲ್ಲಿ ತೋರಿಸಿತು. ಆದರೆ ಅದು ಇಡೀ ಉದ್ದದ ಮಾತು, ತುಂಡಿನದಲ್ಲ.

ನಿಮ್ಮ ಕಡೆಯ ತುಂಗಭದ್ರಾ ಡ್ಯಾಮನ್ನೇ ನೆನಪಿಸಿಕೊಳ್ಳಿ. ಎಡದಂಡೆ ಕಾಲುವೆ ಒಂದು ಕಡೆ, ಬಲದಂಡೆ ಕಾಲುವೆ ಇನ್ನೊಂದು ಕಡೆ ಹೊರಡುತ್ತದೆ ಅಲ್ವಾ? ಬ್ಯಾಕ್ಟೀರಿಯಾ ಎರಡಾಗುವ ಮೊದಲು ನಡೆಯುವ ದುಂಡಗಿನ ಜೀನೋಮಿನ ನಕಲೂ ಹಾಗೇ, ಒಂದು ಜಾಗದಿಂದ ಹೊರಟು ಎರಡೂ ದಿಕ್ಕಿಗೆ ಸಾಗುತ್ತದೆ. ಕಾಲುವೆಗಳ ಹಾಗಲ್ಲದೆ, ಇವೆರಡು ಕೊನೆಗೆ ಎದುರು ತುದಿಯಲ್ಲಿ ಕೂಡುತ್ತವೆ. ನಕಲು ಮಾಡುವ ಕಿಣ್ವಕ್ಕೆ ಒಂದೇ ದಿಕ್ಕಿನಲ್ಲಿ ಬರೆಯಲು ಬರುವುದರಿಂದ ಒಂದು ಎಳೆಯ ಮೇಲೆ ಕೆಲಸ ಸಲೀಸಾಗಿ ಸಾಗುತ್ತದೆ, ಇನ್ನೊಂದರ ಮೇಲೆ ತುಂಡುತುಂಡಾಗಿ ನಡೆಯುತ್ತದೆ, ಹಾಗಾಗಿ ಆ ಎರಡನೇ ಹಳೆ ಎಳೆ ಸ್ವಲ್ಪ ಹೊತ್ತು ಜೊತೆಯಿಲ್ಲದೆ ಒಂಟಿಯಾಗಿರುತ್ತದೆ. ಒಂಟಿ ಎಳೆಯಲ್ಲಿ ಸಿ ಬೇಗ ಕೆಟ್ಟು ಯುರಾಸಿಲ್ ಎಂಬ ಬೇರೆ ಅಕ್ಷರ ಆಗುತ್ತದೆ. ರಿಪೇರಿ ಆಗದಿದ್ದರೆ ಅಲ್ಲಿ ಟಿ ಬಂದು ಕೂರುತ್ತದೆ. ಎಷ್ಟೋ ತಲೆಮಾರು ಹೀಗೇ ನಡೆದು ಆ ಎಳೆಯಲ್ಲಿ ಸಿ ಸವೆಯುತ್ತದೆ, ಮುಖ್ಯ ಕಾರಣ ಇದೇ ಅಂತ ಹೇಳುತ್ತಾರೆ. ನಿಮ್ಮ ಫೈಲಿನಲ್ಲಿರುವ ಎಳೆ ಒಂದರ್ಧದಲ್ಲಿ ಈ ಪಾತ್ರ ವಹಿಸಿದರೆ ಇನ್ನರ್ಧದಲ್ಲಿ ಅದರ ಜೋಡಿ ವಹಿಸುತ್ತದೆ. ಒಟ್ಟು ಲೆಕ್ಕ ಸಮ ಬಂದದ್ದು ಅದಕ್ಕೇ.

1996ರಲ್ಲಿ ಲೋಬ್ರಿ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ಹಿಡಿದುಕೊಟ್ಟರು. ನೀವೂ ಮಾಡಿ ನೋಡಿ. 10,000 ಅಕ್ಷರದ ಒಂದು ತುಂಡಿನಲ್ಲಿ ಜಿ 3,300, ಸಿ 3,100 ಇದೆ ಅಂದುಕೊಳ್ಳಿ. ಜಿಯಿಂದ ಸಿ ಕಳೆದರೆ 200 (ಸಿ ಜಾಸ್ತಿ ಇದ್ದರೆ ಮೈನಸ್ ಬರುತ್ತದೆ), ಮೊತ್ತ 6,400, ಭಾಗಿಸಿದರೆ 0.031. ಹೀಗೆ ಬರುವ ಸಂಖ್ಯೆಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಗ್ರಾಫ್ ಎಳೆಯಿರಿ. ತಳ ಬಂದಲ್ಲಿ ನಕಲಿನ ಆರಂಭ, ಎತ್ತರದ ತುದಿ ಬಂದಲ್ಲಿ ನಕಲಿನ ಕೊನೆ. ಫೈಲ್ ಆ ನಕಲಿನ ಆರಂಭದ ಜಾಗದಿಂದಲೇ ಶುರುವಾಗಿದ್ದರೆ ಅಂಜನಾದ್ರಿ ಹತ್ತಿ ಇಳಿದ ಹಾಗೆ ಒಂದೇ ಗುಡ್ಡ ಕಾಣುತ್ತದೆ. ಸುಮಾರು 50 ಲಕ್ಷ ಅಕ್ಷರದೊಳಗಿಂದ ಬರೀ ಎಣಿಕೆಯಲ್ಲೇ ಆ ಜಾಗ ಎದ್ದು ಬರುತ್ತದಲ್ಲ, ನನಗೆ ಈಗಲೂ ಅದು ಖುಷಿ ಕೊಡುತ್ತದೆ. ನಕಲು ಶುರುಮಾಡಿಸುವ ಡಿಎನ್‌ಎ-ಎ ಎಂಬ ಜೀನ್ ಆ ತಳದ ಹತ್ತಿರವೇ ಇದೆಯಾ ಅಂತಲೂ ನೋಡಿ.

ಒಂದು ಎಚ್ಚರಿಕೆ. ಎಷ್ಟೋ ಪ್ರೋಗ್ರಾಂಗಳು ಒಂದು ಪದವನ್ನೂ (ಅಂದರೆ ಕೆಲವು ಅಕ್ಷರದ ಸಣ್ಣ ತುಂಡು) ಅದರ ಎದುರು ಎಳೆಯ ಪದವನ್ನೂ ಒಂದೇ ಅಂತ ಎಣಿಸುತ್ತವೆ. ಬೇರೆ ಕೆಲಸಕ್ಕೆ ಅದು ಸರಿ, ಇಲ್ಲಿ ಮಾತ್ರ ಏರುಪೇರೇ ಅಳಿಸಿಹೋಗುತ್ತದೆ. ಪೂರ್ತಿ ಜೋಡಿಸದ, ತುಂಡುಗಳಾಗೇ ಉಳಿದ ಜೀನೋಮ್ ಕೂಡ ಬೇಡ. ತುಂಡುಗಳ ದಿಕ್ಕು ಗೊತ್ತಿರುವುದಿಲ್ಲ, ಗ್ರಾಫ್ ಸುಮ್ನೆ ಅಂಕುಡೊಂಕಾಗುತ್ತದೆ.

ಪೂರ್ತಿ ಜೀನೋಮಿನಲ್ಲೂ ಗುಡ್ಡದ ನಡುವೆ ಗ್ರಾಫ್ ಸಟ್ಟನೆ ತಿರುಗಿದರೆ ಅಲ್ಲಿ ನಿಲ್ಲಿ. ಈ ಬ್ಯಾಕ್ಟೀರಿಯಾದಲ್ಲಿ ಜಾಗ ಬದಲಿಸುವ ಡಿಎನ್‌ಎ ತುಂಡುಗಳು ಜಾಸ್ತಿ, ದೊಡ್ಡ ಭಾಗಗಳೇ ತಿರುಗಿ ಕೂತಿರುತ್ತವೆ. ಜೋಡಿಸಿದವರ ತಪ್ಪೂ ಇರಬಹುದು. ಅದೇ ರೋಗಾಣುವಿನ ಇನ್ನೆರಡು ತಳಿಗಳ ಗ್ರಾಫ್ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಗೈಡ್ ಹತ್ತಿರ ತೆಗೆದುಕೊಂಡು ಹೋಗಿ.